ಆಯುಧಪೂಜೆಯ ಮರುದಿನದ ಲೆಕ್ಕ

ನವರಾತ್ರಿಯಲ್ಲಿ ಸರಸ್ವತಿ ಪೂಜೆಗೆಂದು ಮಣೆಯ ಮೇಲೆ ಜೋಡಿಸಿಟ್ಟ ಪುಸ್ತಕಗಳನ್ನು ವಿಜಯದಶಮಿಯವರೆಗೆ ಮುಟ್ಟಬಾರದು ಎಂಬ ರೂಢಿ ಅನೇಕ ಮನೆಗಳಲ್ಲಿದೆ. ಓದದೇ ಇರಲು ದೇವರೇ ಮಂಜೂರು ಮಾಡಿದ ರಜೆ ಇದು ಎಂದು ಮಕ್ಕಳಿಗೆ ಒಳಗೊಳಗೇ ಖುಷಿ. ಅಂಗಡಿ ಇಟ್ಟುಕೊಂಡವರ ಮನೆಯಾದರೆ ಆ ರಾಶಿಯಲ್ಲಿ ಪಠ್ಯಪುಸ್ತಕಗಳ ಜೊತೆ ಲೆಕ್ಕದ ಪುಸ್ತಕ, ಉದ್ರಿ ಪುಸ್ತಕಗಳೂ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿರುತ್ತವೆ. ದಶಮಿಯ ಬೆಳಿಗ್ಗೆ ಮತ್ತೊಮ್ಮೆ ಮಂಗಳಾರತಿ ಎತ್ತಿ, ಅವನ್ನು ಕೈಗೆ ತೆಗೆದುಕೊಂಡು, ಶಾಸ್ತ್ರಕ್ಕಾದರೂ ನಾಲ್ಕು ಸಾಲು ಓದಬೇಕು.

ಆ ನಾಲ್ಕು ಸಾಲಿನ ಬದಲು ನಾಲ್ಕು ತಿಂಗಳನ್ನೇ ಓದಿದರೆ?

2025ರ ದಸರೆಯ ಹೊತ್ತಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಳೇ ಮೈಸೂರು ಸೀಮೆಯ ಒಂದು ತಾಲ್ಲೂಕು ಕೇಂದ್ರ. ಅಪ್ಪನದು ಶಾಲೆಯ ಎದುರಿಗೆ ನೋಟ್ ಪುಸ್ತಕ, ಪೆನ್ನು, ಪೆನ್ಸಿಲ್ ಮಾರುವ ಅಂಗಡಿ. ಮಗಳು ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಅಮ್ಮ ಮನೆ ನಿಭಾಯಿಸುತ್ತಾಳೆ, ಸಂಜೆ ಅಂಗಡಿಯಲ್ಲೂ ಕೂರುತ್ತಾಳೆ. ಹತ್ತು ಮೈಲಿ ದೂರದ ಊರಿನಲ್ಲಿ ತಾತನ ಎರಡೆಕರೆ ಹೊಲ. ಪೂಜೆಗಿಟ್ಟ ಭೌತಶಾಸ್ತ್ರದ ಪುಸ್ತಕದೊಳಗೆ ಮಡಚಿಟ್ಟ ಒಂದು ಹಾಳೆ ಇದೆ, ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳು. ಅದರ ಕೆಳಗಿರುವ ಲೆಕ್ಕದ ಪುಸ್ತಕದಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವ್ಯಾಪಾರದ ಮೊತ್ತ. ಹಾಳೆಯನ್ನು ಅಪ್ಪ ನೋಡಿಲ್ಲ. ಮೊತ್ತವನ್ನು ಮಗಳಿಗಿರಲಿ, ಹೆಂಡತಿಗೂ ಅಪ್ಪ ಹೇಳಿಲ್ಲ. ಆದರೆ ಮಗಳ ಗುರಿ ನಿಂತಿರುವುದು ಅಪ್ಪನ ಮೊತ್ತದ ಮೇಲೆ. ನೀಟ್ ತರಬೇತಿಯ ಎರಡನೇ ಕಂತು ನವೆಂಬರ್‌ನಲ್ಲಿ ಕಟ್ಟಬೇಕು. ಅಪ್ಪನ ಏಪ್ರಿಲ್ ತಿಂಗಳ ಗುರಿ ನಿಂತಿದ್ದೂ ಮಗಳ ಮೇಲೆಯೇ. ಆ ಕಂತಿಗಾಗಿಯೇ ಆತ ಈ ಸಲ ಸಾಲ ಮಾಡಿ ಹೆಚ್ಚು ಸರಕು ತುಂಬಿದ್ದ.

ಇಂಥ ಮನೆಗಳು ಊರಿಗೆ ಹತ್ತಾರಿವೆ. ಗುರಿಗಳು ಒಂದಕ್ಕೊಂದು ಗಂಟು ಹಾಕಿಕೊಂಡಿರುತ್ತವೆ, ಲೆಕ್ಕಗಳು ಮಾತ್ರ ಬೇರೆ ಬೇರೆ ಕಡೆ ಅಡಗಿರುತ್ತವೆ.

ವರ್ಷದ ಮೊದಲ ದಿನ ಸಂಕಲ್ಪ ಮಾಡುವುದರಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ. ಜನವರಿ ಒಂದಕ್ಕೆ ಒಂದು ಸಲ, ಯುಗಾದಿಗೆ ಇನ್ನೊಂದು ಸಲ, ಶಾಲೆ ತೆರೆಯುವ ದಿನ ಮಗದೊಂದು ಸಲ. ಹೊಸ ಡೈರಿಯ ಮೊದಲ ಪುಟದ ಅಕ್ಷರ ಎಷ್ಟು ಮುದ್ದಾಗಿರುತ್ತದೆ! ಮಾರ್ಚ್‌ನಲ್ಲಿ ಫಲಿತಾಂಶದ ಮುಂದೆ ಕುಳಿತು ಪಶ್ಚಾತ್ತಾಪ ಪಡುವುದರಲ್ಲೂ ಹಿಂದೆ ಬಿದ್ದಿಲ್ಲ. ನಡುವೆ ಒಂದು ದಿನ ನಿಂತು ನೋಡುವ ಅಭ್ಯಾಸವೇ ಇಲ್ಲ. ಇದ್ದರೂ ಅದು ಬೈಗುಳದ ರೂಪದಲ್ಲಿರುತ್ತದೆ: ಅಂಕಪಟ್ಟಿ ಬಂದ ದಿನ ಅರ್ಧ ಗಂಟೆ ಗುಡುಗು, ಆಮೇಲೆ ಎಲ್ಲ ಮೊದಲಿನಂತೆ.

ಹಾಗೆ ನೋಡಿದರೆ ದೊಡ್ಡ ಸಂಸ್ಥೆಗಳಿಗೆಲ್ಲ ನಡುವಿನ ಈ ನಿಲುಗಡೆ ಕಡ್ಡಾಯ. ಆಯವ್ಯಯ ಮಂಡಿಸಿದ ಸರ್ಕಾರವೇ ವರ್ಷದ ನಡುವೆ ವಿಧಾನಮಂಡಲದ ಮುಂದೆ ಪೂರಕ ಅಂದಾಜುಗಳನ್ನು ತರುತ್ತದೆ. ಅದಕ್ಕೆ ಸಂವಿಧಾನದ 205ನೇ ವಿಧಿಯಲ್ಲಿ ಅವಕಾಶವಿದೆ. ಮುಂಗಡ ಆದಾಯ ತೆರಿಗೆ ಕಟ್ಟುವವರು ಅಂದಾಜು ತೆರಿಗೆಯಲ್ಲಿ ಜೂನ್ 15ರೊಳಗೆ ಶೇ 15, ಸೆಪ್ಟೆಂಬರ್ 15ರೊಳಗೆ ಶೇ 45, ಡಿಸೆಂಬರ್ 15ರೊಳಗೆ ಶೇ 75, ಮಾರ್ಚ್ 15ರೊಳಗೆ ಪೂರ್ತಿ ಕಟ್ಟಿರಬೇಕು. ಪ್ರತಿ ಕಂತಿನಲ್ಲೂ ಅಂದಾಜನ್ನು ಏರಿಸಬಹುದು, ಇಳಿಸಬಹುದು. ಜೂನ್‌ನಲ್ಲಿ ಹೇಳಿದ್ದೇ ಕೊನೆಯ ಮಾತು ಎಂದು ತೆರಿಗೆ ಇಲಾಖೆಯೂ ಹಟ ಹಿಡಿಯುವುದಿಲ್ಲ. ಮನೆಯಲ್ಲಿ ಮಾತ್ರ ಆ ಹಟ ಉಂಟು.

ತಾತನ ಹೊಲದ ಪಂಚಾಂಗ

ಈ ವಿದ್ಯೆಯನ್ನು ಕಲಿಯಲು ದೂರ ಹೋಗಬೇಕಿಲ್ಲ. ಮಳೆ ನಂಬಿ ರಾಗಿ ಬೆಳೆಯುವ ತಾತನ ಹೊಲಕ್ಕೆ ಹೋದರೆ ಸಾಕು.

ರೈತನಿಗೆ ವರ್ಷ ಎಂದರೆ ಹನ್ನೆರಡು ತಿಂಗಳಲ್ಲ, ಮಳೆ ನಕ್ಷತ್ರಗಳ ಸಾಲು. ಜೂನ್ ಮೊದಲ ವಾರ ಕಳೆಯುತ್ತಲೇ ಮೃಗಶಿರ, ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಖೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ. ಒಂದೊಂದಕ್ಕೂ ಹೆಚ್ಚು ಕಡಿಮೆ ಹದಿಮೂರು ಹದಿನಾಲ್ಕು ದಿನ. ಅಂದರೆ ಹದಿನೈದು ದಿನಕ್ಕೊಮ್ಮೆ ರೈತ ತನ್ನನ್ನು ತಾನೇ ಕೇಳಿಕೊಳ್ಳುವ ಪ್ರಶ್ನೆಯೊಂದು ಈ ಪಂಚಾಂಗದಲ್ಲಿದೆ: ಬಂದ ಮಳೆ ಎಷ್ಟು, ಉಳಿದ ದಿನ ಎಷ್ಟು, ಈಗ ಏನು ಬಿತ್ತಬಹುದು?

ಮುಂಗಾರು ಕೈಕೊಟ್ಟ ವರ್ಷದಲ್ಲಿ ಈ ಪ್ರಶ್ನೆಯ ಬೆಲೆ ತಿಳಿಯುತ್ತದೆ. ಮಳೆ ಸಕಾಲಕ್ಕೆ ಬಂದರೆ ಜೂನ್ ಜುಲೈನಲ್ಲಿ 120ರಿಂದ 125 ದಿನಗಳಲ್ಲಿ ಕಟಾವಿಗೆ ಬರುವ ಎಂ.ಆರ್.-1, ಎಲ್-5ರಂಥ ದೀರ್ಘಾವಧಿ ತಳಿಗಳನ್ನು ಹಾಕಬಹುದು. ಜುಲೈ ಮುಗಿಯುತ್ತಾ ಬಂದರೂ ಬಿತ್ತನೆಯಾಗದಿದ್ದರೆ ಅದೇ ಬೀಜದ ಚೀಲ ಹಿಡಿದು ಕೂರುವವನು ಜಾಣನಲ್ಲ. ಆಗ 110ರಿಂದ 115 ದಿನದ ಜಿ.ಪಿ.ಯು.-28. ಆಗಸ್ಟ್‌ಗೆ ಬಿದ್ದರೆ 95ರಿಂದ 100 ದಿನದ ಇಂಡಾಫ್-9, ಜಿ.ಪಿ.ಯು.-48 ಮೊದಲಾದ ಅಲ್ಪಾವಧಿ ತಳಿ. ಅದೂ ತಪ್ಪಿದರೆ ಕಡೆಗೆ ಹುರುಳಿ. ಕೃಷಿ ವಿಜ್ಞಾನಿಗಳು ಇದನ್ನು ಪರ್ಯಾಯ ಬೆಳೆ ಯೋಜನೆ ಎನ್ನುತ್ತಾರೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಹಾಗೂ ಆಫ್ರಿಕಾದ ರಾಗಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರ ಕೆಲಸ ಈ ಸೀಮೆಯ ರೈತನ ಕೈಗೆ ಹೆಚ್ಚು ಇಳುವರಿಯ ಜೊತೆಗೆ ಆಯ್ಕೆಯನ್ನೂ ಕೊಟ್ಟಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ತಳಿ ಬದಲಾಯಿಸುವ ರೈತ ಕಣಜದ ಆಸೆ ಬಿಟ್ಟಿರುವುದಿಲ್ಲ. ಮನೆಗೆ ವರ್ಷದ ಹಿಟ್ಟು ಬರಬೇಕು ಎಂಬುದು ಹಾಗೆಯೇ ಉಳಿದಿರುತ್ತದೆ. ಎಕರೆಗೆ ಇಷ್ಟು ಪಲ್ಲ ಎಂಬ ಅಂದಾಜು ಇಳಿಯುತ್ತದೆ, ಬೀಜ ಬದಲಾಗುತ್ತದೆ, ಬಿತ್ತುವ ದಿನ ಬದಲಾಗುತ್ತದೆ. ಹೋದ ಮೃಗಶಿರ ಮಳೆಯನ್ನು ನೆನೆದು ಅಳುತ್ತಾ ಕುಳಿತರೆ ಬರುವ ಮಖೆಯೂ ಹೋಗುತ್ತದೆ.

ಇನ್ನೊಂದು ಮಾತು ಅಕ್ಕಡಿಯದು. ರಾಗಿಯ ನಡುವೆ ಕೆಲವು ಸಾಲಿಗೊಂದರಂತೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳ ಹಾಕುವ ಪದ್ಧತಿ ಇದು. ರಾಗಿ ಚೆನ್ನಾಗಿ ಬಂದರೆ ಅಕ್ಕಡಿ ಲಾಭ. ರಾಗಿ ಸೊರಗಿದರೆ ಅಕ್ಕಡಿಯೇ ಆಸರೆ, ಚಳಿಗೆ ಸೊಗಡಿನ ಅವರೆಯಾದರೂ ಮನೆಗೆ ಬರುತ್ತದೆ. ಅಕ್ಕಡಿ ಹಾಕಿದವನನ್ನು ನೋಡಿ ‘ಇವನಿಗೆ ರಾಗಿಯ ಮೇಲೆ ನಂಬಿಕೆಯಿಲ್ಲ’ ಎಂದು ಹಳ್ಳಿಯಲ್ಲಿ ಯಾರೂ ಆಡಿಕೊಳ್ಳುವುದಿಲ್ಲ. ಪೇಟೆಯಲ್ಲಿ ಮಗ ಎರಡನೇ ಕೋರ್ಸಿನ ಅರ್ಜಿಯ ಮಾತೆತ್ತಿದರೆ ಸಾಕು, ‘ಆಗಲೇ ಸೋತೆಯಾ?’ ಎಂಬ ಮಾತು ಬರುತ್ತದೆ.

ಅರ್ಧ ಎಂದರೆ ಅರ್ಧವಲ್ಲ

ಮತ್ತೆ ಮನೆಗೆ ಬರೋಣ. ದಶಮಿಯ ದಿನ ಊಟವಾದ ಮೇಲೆ ಪುಸ್ತಕ ಎತ್ತುವಾಗ ಮಡಚಿಟ್ಟ ಹಾಳೆ ಜಾರಿ ಬಿತ್ತು ಎನ್ನಿ.

‘ಎಷ್ಟಮ್ಮಾ ಫಿಸಿಕ್ಸು?’

‘ಮೂವತ್ತೊಂದು, ಅಪ್ಪ.’

‘ಎಪ್ಪತ್ತಕ್ಕಾ?’

‘ಹೂಂ.’

ಗುಡುಗು ಇನ್ನೇನು ಶುರುವಾಗಬೇಕು. ಅಷ್ಟರಲ್ಲಿ ಅಮ್ಮ ಬಾಯಿ ಹಾಕುತ್ತಾಳೆ: ‘ರೀ, ಅವಳದ್ದು ನೋಡಿದ್ದಾಯ್ತಲ್ಲ, ನಿಮ್ಮ ಪುಸ್ತಕಾನೂ ತೆಗೀರಿ. ಒಟ್ಟಿಗೇ ನೋಡೋಣ.’

ಆ ತಾಯಿಯ ಮಾತು ಮಧ್ಯಾಹ್ನದ ದಿಕ್ಕನ್ನೇ ಬದಲಿಸುತ್ತದೆ. ತನ್ನ ಲೆಕ್ಕವನ್ನೂ ತೆರೆದಿಡಬೇಕಾದ ಮನುಷ್ಯ ಇನ್ನೊಬ್ಬರ ಲೆಕ್ಕವನ್ನು ಬೇರೆ ಕಣ್ಣಿನಿಂದ ನೋಡುತ್ತಾನೆ.

ಅಪ್ಪನ ಪುಸ್ತಕ ಮೊದಲ ನೋಟಕ್ಕೆ ಅಷ್ಟೇನೂ ಕೆಟ್ಟದಾಗಿಲ್ಲ. ವರ್ಷಕ್ಕೆ 20 ಲಕ್ಷ ರೂಪಾಯಿ ವ್ಯಾಪಾರದ ಗುರಿ, ಆರು ತಿಂಗಳಲ್ಲಿ 10 ಲಕ್ಷ ಆಗಿದೆ. ಸರಿಯಾಗಿ ಅರ್ಧ! ಆದರೆ ನೋಟ್ ಪುಸ್ತಕದ ಅಂಗಡಿಗೆ ಸುಗ್ಗಿ ಎಂದರೆ ಜೂನ್ ಮತ್ತು ಜುಲೈ. ಹಿಂದಿನ ವರ್ಷದ ಪುಟ ತಿರುವಿದರೆ ಒಟ್ಟು 18 ಲಕ್ಷದಲ್ಲಿ 12 ಲಕ್ಷ ಸೆಪ್ಟೆಂಬರ್‌ನೊಳಗೇ ಬಂದಿತ್ತು, ಅಂದರೆ ಮೂರರಲ್ಲಿ ಎರಡು ಪಾಲು. ಅದೇ ಲೆಕ್ಕದಲ್ಲಿ ಈ ವರ್ಷದ ಹತ್ತು ಲಕ್ಷ ಮಾರ್ಚ್ ಹೊತ್ತಿಗೆ ಹದಿನೈದಕ್ಕೆ ನಿಲ್ಲುತ್ತದೆ. ಅರ್ಧ ವರ್ಷ, ಅರ್ಧ ಗುರಿ ಎಂದು ಸಮಾಧಾನಪಟ್ಟುಕೊಂಡವನು ಐದು ಲಕ್ಷ ಹಿಂದಿದ್ದಾನೆ! ಪಟಾಕಿ ಅಂಗಡಿಯವನಿಗೆ, ಛತ್ರಿ ಮಾರುವವನಿಗೆ, ಮದುವೆ ಕಾಲದ ಸೀರೆ ಅಂಗಡಿಗೆ ಈ ಅನುಪಾತ ಬೇರೆ ಬೇರೆ. ಹಾಗಾಗಿ ವ್ಯಾಪಾರಿ ಗುರಿಯನ್ನು ಹನ್ನೆರಡರಿಂದ ಭಾಗಿಸುವ ಮುನ್ನ ಹಳೆಯ ಪುಸ್ತಕದಲ್ಲಿ ತಿಂಗಳವಾರು ನೋಡಬೇಕು.

ಹಿಂದೆ ಬಿದ್ದಿದ್ದಕ್ಕೆ ಕಾರಣಗಳನ್ನು ಹುಡುಕಿದಾಗ ಕೆಲವು ಅಪ್ಪನ ಕೈಯಲ್ಲಿದ್ದವು, ಕೆಲವು ಇರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ನೋಟ್ ಪುಸ್ತಕ, ಪೆನ್ಸಿಲ್, ಶಾರ್ಪನರ್, ಭೂಪಟಗಳ ಮೇಲಿದ್ದ ಶೇ 12ರ ಜಿಎಸ್‌ಟಿಯೂ, ರಬ್ಬರ್ ಮೇಲಿದ್ದ ಶೇ 5ರ ಜಿಎಸ್‌ಟಿಯೂ ಪೂರ್ತಿ ರದ್ದಾದವು. ಮಕ್ಕಳಿರುವ ಮನೆಗಳಿಗೆ ಸಂತೋಷದ ಸುದ್ದಿಯೇ. ಆದರೆ ವರ್ಷದ ವಹಿವಾಟು 40 ಲಕ್ಷದೊಳಗಿರುವ ಸಣ್ಣ ಅಂಗಡಿಗಳಿಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ನೋಂದಣಿ ಇಲ್ಲದವರು ಸರಕು ಕೊಳ್ಳುವಾಗ ತೆತ್ತ ತೆರಿಗೆ ಅದರ ಅಸಲಿನಲ್ಲೇ ಕೂತಿರುತ್ತದೆ. ತೆರಿಗೆ ತೆತ್ತು ತಂದ ಹಳೆಯ ಸರಕು ಕಪಾಟಿನಲ್ಲಿ, ತೆರಿಗೆಯಿಲ್ಲದ ಹೊಸ ಸರಕು ಪಕ್ಕದ ಅಂಗಡಿಯಲ್ಲಿ. ಏಪ್ರಿಲ್‌ನಲ್ಲಿ ಗುರಿ ಬರೆದವರಿಗೆ ಇದು ಕನಸಿನಲ್ಲೂ ಗೊತ್ತಿರಲು ಸಾಧ್ಯವಿಲ್ಲ. ಏಪ್ರಿಲ್‌ನಲ್ಲಿ ಬರೆದದ್ದು ಅಂದು ತಿಳಿದಿದ್ದರ ಮೇಲೆ ಬರೆದದ್ದು. ಅಕ್ಟೋಬರ್‌ಗೆ ಹೆಚ್ಚು ತಿಳಿದಿದೆ.

ಆದರೆ ತೆರಿಗೆಯ ಮೇಲೆಯೇ ಎಲ್ಲ ಭಾರ ಹಾಕಿ ಪುಸ್ತಕ ಮುಚ್ಚುವಂತಿಲ್ಲ. ಬದಲಾವಣೆ ಬಂದದ್ದು ಸೆಪ್ಟೆಂಬರ್ ಕೊನೆಯಲ್ಲಿ. ಜೂನ್ ವ್ಯಾಪಾರ ಕುಗ್ಗಿದ್ದಕ್ಕೆ ಅದು ಕಾರಣವಲ್ಲ. ಸರಕು ತುಂಬಿದ್ದು ಹೆಚ್ಚಾಗಿತ್ತು. ಉದ್ರಿ ಪುಸ್ತಕದಲ್ಲಿ ಎರಡು ಖಾಸಗಿ ಶಾಲೆಗಳ ಬಾಕಿ ಜೂನ್‌ನಿಂದ ಹಾಗೇ ಇತ್ತು. ಕೇಳಲು ದಾಕ್ಷಿಣ್ಯ. ಹೀಗೆ ಕೂತು ಬಿಡಿಸಿದಾಗ ಮುಂದಿನ ಆರು ತಿಂಗಳ ಕೆಲಸ ತಾನಾಗಿ ಕಾಣತೊಡಗುತ್ತದೆ. ಹಳೆಯ ನೋಟ್ ಪುಸ್ತಕಗಳನ್ನು ಅಸಲಿಗೆ ಅಥವಾ ಸ್ವಲ್ಪ ನಷ್ಟಕ್ಕಾದರೂ ದೀಪಾವಳಿಯೊಳಗೆ ದಾಟಿಸಿ ಹಣ ಬಿಡಿಸಿಕೊಳ್ಳುವುದು. ಬಾಕಿ ಇರುವ ಶಾಲೆಗಳಿಗೆ ತಾನೇ ಹೋಗಿ ಬರುವುದು. ಜನವರಿ ಫೆಬ್ರುವರಿಯಲ್ಲಿ ಪರೀಕ್ಷೆ, ಅರ್ಜಿಗಳ ಕಾಲ. ಮೂಲೆಯಲ್ಲಿ ದೂಳು ತಿನ್ನುತ್ತಿರುವ ಜೆರಾಕ್ಸ್ ಯಂತ್ರವನ್ನು ರಿಪೇರಿ ಮಾಡಿಸುವುದು. ಇದು ಅಂಗಡಿಯ ಅಕ್ಕಡಿ ಸಾಲು. ವರ್ಷದ ಗುರಿ ಇಪ್ಪತ್ತರಿಂದ ಹದಿನಾರಕ್ಕೆ ಇಳಿಯಿತು. ಇಳಿಸಿ ಬರೆಯುವಾಗ ಅಪ್ಪನ ಕೈ ಸ್ವಲ್ಪ ತಡೆದಿರಬೇಕು. ಸಾಲ ಮಾಡಿ ಇನ್ನಷ್ಟು ಸರಕು ತುಂಬಿ ಇಪ್ಪತ್ತನ್ನೇ ಬೆನ್ನಟ್ಟುವ ಹಟಕ್ಕಿಂತ ಅದು ಕಡಿಮೆ ನೋವಿನದು.

ಮೂವತ್ತೊಂಬತ್ತು ಅಂಕ ಎಲ್ಲಿ ಹೋದವು?

ಈಗ ಮಗಳ ಸರದಿ. ಜೀವಶಾಸ್ತ್ರ 57, ರಸಾಯನಶಾಸ್ತ್ರ 44, ಗಣಿತ ಎಂಬತ್ತಕ್ಕೆ 60. ಭೌತಶಾಸ್ತ್ರ ಒಂದೇ ಮುಗ್ಗರಿಸಿದೆ. ‘ಫಿಸಿಕ್ಸ್ ಬರಲ್ಲ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ, ಅದರಿಂದ ಮಾಡಲು ಕೆಲಸವೇನೂ ಸಿಗುವುದಿಲ್ಲ. ಉತ್ತರ ಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಕಳೆದುಹೋದ 39 ಅಂಕಗಳ ಜಾಡು ಹಿಡಿದರೆ ಬೇರೆಯೇ ಚಿತ್ರ. ಪಾಠವನ್ನೇ ಓದದೆ ಬಿಟ್ಟದ್ದು 14. ಗೊತ್ತಿದ್ದರೂ ನಿಷ್ಪತ್ತಿಯನ್ನು ಕೊನೆಯವರೆಗೆ ಬರೆಯದ್ದು, ಚಿತ್ರ ಹಾಕದ್ದು 11. ಸಮಯ ಸಾಲದೆ ಮುಟ್ಟದೇ ಉಳಿದದ್ದು 9. ಮಾನ ಬರೆಯದೆ, ಕೂಡುವುದು ಕಳೆಯುವುದು ತಪ್ಪಿ ಹೋದದ್ದು 5. ಕೊನೆಯ ಮೂರು ಸೇರಿ 25 ಅಂಕ. ಅವು ಬುದ್ಧಿಗೆ ಸಂಬಂಧಿಸಿದವಲ್ಲ, ಬರೆದು ಅಭ್ಯಾಸವಿಲ್ಲದ್ದಕ್ಕೆ ಸಂಬಂಧಿಸಿದವು. ಮನೆಯಲ್ಲಿ ವಾರಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬರೆದರೆ ಹತ್ತಿಪ್ಪತ್ತು ಅಂಕ ವಾಪಸು ಬರಬಹುದು. ಅದಕ್ಕೆ ಟ್ಯೂಷನ್ ಫೀಸು ಬೇಡ.

ಪಾಠದ ಹಂಚಿಕೆಯಲ್ಲೂ ಅರ್ಧ ಅರ್ಧವಲ್ಲ. ದ್ವಿತೀಯ ಪಿಯುಸಿ ಭೌತಶಾಸ್ತ್ರದ 14 ಅಧ್ಯಾಯಗಳಲ್ಲಿ ಮೊದಲ ಭಾಗದ ಎಂಟು ವಿದ್ಯುತ್ತು ಮತ್ತು ಕಾಂತತ್ವದ ಸುತ್ತ ಇವೆ. ಒಂದು ಸಡಿಲವಾದರೆ ಮುಂದಿನದೂ ಸಡಿಲ. ಎರಡನೇ ಭಾಗದ ಆರರಲ್ಲಿ ಬೆಳಕು, ಪರಮಾಣು, ನ್ಯೂಕ್ಲಿಯಸ್, ಅರೆವಾಹಕಗಳು. ಬೆಳಕಿನ ಎರಡು ಅಧ್ಯಾಯ ಬಿಟ್ಟರೆ ಉಳಿದವು ಪುಟ್ಟವು, ಹಿಂದಿನದರ ಹಂಗು ಕಡಿಮೆ ಇರುವಂಥವು. ಮೊದಲ ಭಾಗದಲ್ಲಿ ಎಡವಿದವರಿಗೆ ಇದು ಹೊಸ ಮಳೆ ಇದ್ದಂತೆ. ಬರುವ ಪಾಠಗಳನ್ನು ಅಂದಂದೇ ಹಿಡಿಯುವುದು, ಹಳೆಯದರಲ್ಲಿ ಓದದೇ ಬಿಟ್ಟ ಎರಡು ಅಧ್ಯಾಯವನ್ನು ಮಾತ್ರ ಭಾನುವಾರಕ್ಕೆ ಇಟ್ಟುಕೊಳ್ಳುವುದು. ಬಹಳ ಮಕ್ಕಳು ಇದರ ತಿರುವುಮುರುವು ಮಾಡುತ್ತಾರೆ. ಅಕ್ಟೋಬರ್‌ನಲ್ಲಿ ಉತ್ಸಾಹದಿಂದ ಮೊದಲ ಅಧ್ಯಾಯದಿಂದ ಶುರು ಮಾಡುತ್ತಾರೆ, ಡಿಸೆಂಬರ್ ಹೊತ್ತಿಗೆ ಹಳೆಯದೂ ಅರ್ಧ, ಹೊಸದೂ ಅರ್ಧ.

ದಿನಗಳ ಲೆಕ್ಕವೂ ಬೇಕು. ವಿಜಯದಶಮಿಯಿಂದ ಫೆಬ್ರುವರಿ ಕೊನೆಗೆ ಸುಮಾರು 150 ದಿನ. ಪ್ರಾಯೋಗಿಕ ಪರೀಕ್ಷೆ, ಪೂರ್ವಸಿದ್ಧತಾ ಪರೀಕ್ಷೆ, ಹಬ್ಬ, ಮದುವೆ, ಜ್ವರ ಎಂದು ಕಳೆದರೆ ನೆಮ್ಮದಿಯಾಗಿ ಓದಲು ಸಿಗುವುದು ನೂರು ದಿನ ಎಂದಿಟ್ಟುಕೊಳ್ಳಿ. ನೂರು ದಿನದ ತಳಿ ಯಾವುದು ಎಂದು ತಾತನಾದರೆ ಕೇಳುತ್ತಿದ್ದ.

ಇನ್ನು ದೊಡ್ಡ ಪ್ರಶ್ನೆ, ಡಾಕ್ಟರಾಗುವುದು. ವೈದ್ಯಕೀಯ ಸೀಟು ನಿರ್ಧಾರವಾಗುವುದು ನೀಟ್ ರ‍್ಯಾಂಕಿನ ಮೇಲೆ. ಅದರ 720 ಅಂಕಗಳಲ್ಲಿ 180 ಭೌತಶಾಸ್ತ್ರದ್ದು. ಮಧ್ಯವಾರ್ಷಿಕದಲ್ಲಿ 31 ಬಂದವಳು ಈ ಗುರಿಯನ್ನು ಬಿಡಬೇಕೇ? ಬಿಡಬೇಕೆಂದು ಅಕ್ಟೋಬರ್‌ನಲ್ಲಿ ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಅದೊಂದೇ ಸಾಲನ್ನು ನಂಬಿಕೊಂಡಿರಬೇಕೆಂದೂ ಇಲ್ಲ. ಗಣಿತವೂ ಕೈಯಲ್ಲಿರುವ ಹುಡುಗಿಗೆ ಸಿಇಟಿಯ ಬಾಗಿಲು ತೆರೆದಿದೆ. ಎಂಜಿನಿಯರಿಂಗ್ ರ‍್ಯಾಂಕಿನಲ್ಲಿ ಸಿಇಟಿ ಅಂಕಕ್ಕೆ ಅರ್ಧ ತೂಕ, ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಇನ್ನರ್ಧ. ಕೃಷಿ ವಿಜ್ಞಾನದ ಪದವಿಗೂ ದಾರಿ ಸಿಇಟಿಯೇ. ಎಂದ ಮೇಲೆ ತರಬೇತಿಯ ಭರಾಟೆಯಲ್ಲಿ ಕಾಲೇಜಿನ ಪಾಠವನ್ನು ಕಡೆಗಣಿಸಿದವರು ಎರಡು ಕಡೆ ಕಳೆದುಕೊಳ್ಳುತ್ತಾರೆ. ಜೂನ್‌ನಿಂದ ಈ ಮನೆಯಲ್ಲಿ ಆದದ್ದೂ ಅದೇ. ಬೆಳಿಗ್ಗೆ ತರಬೇತಿ, ಸಂಜೆ ತರಬೇತಿ, ನಡುವೆ ಕಾಲೇಜಿನಲ್ಲಿ ನಿದ್ದೆ.

ಆಗ ಬರುತ್ತದೆ ಕಂತಿನ ಮಾತು. ಅಪ್ಪ ಹಣದ ವಿಷಯವನ್ನು ಮಕ್ಕಳ ಮುಂದೆ ಎತ್ತಬಾರದು ಎಂದು ಬೆಳೆದವನು. ‘ಕಂತು ಕಟ್ಟೋಕೆ ಕಷ್ಟ ಆಗ್ತಿದೆ ಪುಟ್ಟಿ’ ಎಂದು ಹೇಳಲು ಅವನಿಗೆ ಲೆಕ್ಕದ ಪುಸ್ತಕ ತೆರೆದಿರಬೇಕಾಯಿತು. ಮಗಳ ಮುಖದಲ್ಲಿ ಬೇಸರ ಕಾಣುತ್ತದೆಂದು ಅವನು ಎದುರು ನೋಡಿದ್ದ. ಅವಳೆಂದದ್ದು ಬೇರೆ: ‘ಸಂಜೆ ಬ್ಯಾಚು ಬಿಟ್ಟು ಬೆಳಗ್ಗೇದು ಮಾತ್ರ ಇಟ್ಕೊಳ್ಳೋಕೆ ಆಗುತ್ತಾ ಕೇಳ್ತೀನಪ್ಪ. ಸಂಜೆ ನಂಗೂ ತಲೆಗೆ ಹೋಗ್ತಿಲ್ಲ.’ ಮೂರು ತಿಂಗಳಿಂದ ಅವಳು ಇದನ್ನು ಹೇಳಲಾಗದೆ ಇದ್ದಳು, ಅಪ್ಪ ಅಷ್ಟು ದುಡ್ಡು ಕೊಟ್ಟಿದ್ದಾರಲ್ಲ ಎಂದು.

ಎಷ್ಟು ತಿದ್ದಬೇಕು?

ಒಮ್ಮೆ ತಪ್ಪು ಕಂಡರೆ ಎಲ್ಲವನ್ನೂ ಬದಲಾಯಿಸಿಬಿಡುವ ಹುರುಪು ಬರುತ್ತದೆ. ಫೋನು ಬಂದ್, ಟಿ.ವಿ. ಬಂದ್, ಬೆಳಿಗ್ಗೆ ನಾಲ್ಕಕ್ಕೆ ಅಲಾರಂ, ಹೊಸ ಟ್ಯೂಷನ್ನು. ಅಪ್ಪನಿಗೂ ಹಾಗೆಯೇ, ನೋಟ್ ಪುಸ್ತಕದ ವ್ಯಾಪಾರವನ್ನೇ ಬಿಟ್ಟು ಮೊಬೈಲ್ ಅಂಗಡಿ ಹಾಕಿದರೆ ಹೇಗೆ ಎಂದು. ಇಂಥ ಹೊತ್ತಿಗೆ ಭೌತಶಾಸ್ತ್ರದ ವಿದ್ಯಾರ್ಥಿನಿ ಅಪ್ಪನಿಗೆ ಹೇಳಬಹುದಾದ ಒಂದು ಕಥೆ ಮಂಗಳಯಾನದ್ದು.

2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಹೊರಟ ನೌಕೆ ಮೊದಲು ಭೂಮಿಯ ಸುತ್ತಲೇ ಹಂತ ಹಂತವಾಗಿ ತನ್ನ ಕಕ್ಷೆಯನ್ನು ಹಿಗ್ಗಿಸಿಕೊಳ್ಳಬೇಕಿತ್ತು. ನವೆಂಬರ್ 11ರ ನಾಲ್ಕನೇ ಹಂತದಲ್ಲಿ ಸುಮಾರು ಒಂದು ಲಕ್ಷ ಕಿಲೋಮೀಟರ್ ಎತ್ತರ ಮುಟ್ಟಬೇಕಾಗಿದ್ದ ಅದು 78,276 ಕಿಲೋಮೀಟರಿಗೇ ನಿಂತಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿದ್ದವರು ಕಾರಣ ಹುಡುಕಿದರು, ಮರುದಿನವೇ ಒಂದು ಹೆಚ್ಚುವರಿ ಉರಿತ ಕೊಟ್ಟು 1,18,642 ಕಿಲೋಮೀಟರಿಗೆ ಏರಿಸಿದರು. ಡಿಸೆಂಬರ್ 1ರಂದು ನೌಕೆ ಭೂಮಿಯನ್ನು ಬಿಟ್ಟು ಮಂಗಳನ ದಾರಿ ಹಿಡಿಯಿತು. ದಾರಿಯಲ್ಲಿ ಪಥ ತಿದ್ದಲೆಂದು ನಾಲ್ಕು ಅವಕಾಶಗಳನ್ನು ಮೊದಲೇ ಇಟ್ಟುಕೊಂಡಿದ್ದರು. 2013ರ ಡಿಸೆಂಬರ್ 11ರಂದು ಒಮ್ಮೆ ತಿದ್ದಿದರು, 2014ರ ಜೂನ್ 11ರಂದು ಮತ್ತೊಮ್ಮೆ. ಆಗಸ್ಟ್‌ನಲ್ಲಿ ಇನ್ನೊಂದು ಬಾರಿ ತಿದ್ದಬೇಕಿತ್ತು. ಅಳೆದು ನೋಡಿದರೆ ನೌಕೆ ಸರಿಯಾದ ಹಾದಿಯಲ್ಲೇ ಇತ್ತು. ತಿದ್ದುವುದನ್ನೇ ಕೈಬಿಟ್ಟರು! ಇಂಧನ ಉಳಿಯಿತು. ಕೊನೆಗೆ ಸೆಪ್ಟೆಂಬರ್ 22ರಂದು, ತಿಂಗಳುಗಟ್ಟಲೆ ಉರಿಯದೇ ಇದ್ದ ಮುಖ್ಯ ಎಂಜಿನನ್ನು ಸುಮಾರು ನಾಲ್ಕೇ ಸೆಕೆಂಡು ಉರಿಸಿ ನೋಡಿದರು. ಎರಡು ದಿನ ಬಿಟ್ಟು, 24ರ ಬೆಳಿಗ್ಗೆ, ನೌಕೆ ಮಂಗಳನ ಕಕ್ಷೆ ಸೇರಿತು.

ಈ ಕಥೆಯಲ್ಲಿ ರಾಕೆಟ್ಟಿಗಿಂತ ಆಗಸ್ಟ್ ತಿಂಗಳು ಸ್ವಾರಸ್ಯಕರ. ಪರಿಶೀಲನೆಗೆ ಕೂತವರು ಏನಾದರೂ ಬದಲಾಯಿಸಿಯೇ ಏಳಬೇಕೆಂದಿಲ್ಲ. ಜೀವಶಾಸ್ತ್ರದಲ್ಲಿ 57 ತಂದ ಓದಿನ ಕ್ರಮವನ್ನು ಮುಟ್ಟಬಾರದು. ಅಂಗಡಿಯ ಪೆನ್ನಿನ ಕಪಾಟು ಚೆನ್ನಾಗಿ ಓಡುತ್ತಿದ್ದರೆ ಅದನ್ನು ಹಾಗೇ ಬಿಡಬೇಕು. ಬದಲಾಯಿಸುವುದಾದರೆ ಬೇಗ ಬದಲಾಯಿಸಬೇಕು. ಹೊರಟ ಹೊಸದರಲ್ಲಿ ಕೂದಲೆಳೆಯಷ್ಟು ತಿದ್ದಿದರೆ ಸಾಕಾಗುವ ಪಥಕ್ಕೆ ಗುರಿಯ ಹತ್ತಿರ ಹೋದಂತೆ ಬಹಳ ಇಂಧನ ಬೇಕಾಗುತ್ತದೆ. ಜನವರಿ ಕೊನೆಯಲ್ಲಿ ಟೈಂಟೇಬಲ್ ಬದಲಾಯಿಸಿದ ವಿದ್ಯಾರ್ಥಿಗಳಿಗೆ ಈ ಮಾತು ಅನುಭವದಿಂದಲೇ ಗೊತ್ತು.

ಆ ಮಧ್ಯಾಹ್ನ ಆ ಮನೆಯಲ್ಲಿ ಕೊನೆಗೆ ಬದಲಾದದ್ದು ಎಷ್ಟು? ಮಗಳದು ಸಂಜೆಯ ಬ್ಯಾಚು, ಶನಿವಾರ ರಾತ್ರಿ ಗಡಿಯಾರ ಇಟ್ಟುಕೊಂಡು ಬರೆಯುವ ಒಂದು ಪ್ರಶ್ನೆಪತ್ರಿಕೆ, ಭಾನುವಾರದ ಎರಡು ಅಧ್ಯಾಯ. ಅಪ್ಪನದು ವರ್ಷದ ಮೊತ್ತ, ಉದ್ರಿ ವಸೂಲಿ, ಜೆರಾಕ್ಸ್ ಯಂತ್ರ. ಫೋನಿನ ಮಾತು ಬಂತು, ಜಗಳವಾಯಿತು, ರಾತ್ರಿ ಹತ್ತಕ್ಕೆ ಅಮ್ಮನ ದಿಂಬಿನ ಕೆಳಗೆ ಎಂದು ತೀರ್ಮಾನವಾಯಿತು. ಇದು ಎಷ್ಟು ದಿನ ನಡೆಯುವುದೋ!

ನೀಟ್ ಅರ್ಜಿಯ ಜೊತೆ ಸಿಇಟಿ ಅರ್ಜಿಯನ್ನೂ ಹಾಕುವುದೆಂದು ಆಯಿತು. ಕೃಷಿ ವಿಜ್ಞಾನ ಎಂದಾಗ ಅಪ್ಪ ಸ್ವಲ್ಪ ಮುಖ ಸಿಂಡರಿಸಿದ. ಹೊಲ ಬಿಟ್ಟು ಪೇಟೆಗೆ ಬಂದವನು ಅವನು. ಸಂಜೆ ತಾತನ ಫೋನು ಬಂದಾಗ ಮೊಮ್ಮಗಳೇ ಹೇಳಿಬಿಟ್ಟಳು. ತಾತನಿಗೆ ಕೋರ್ಸಿನ ಹೆಸರು ಪೂರ್ತಿ ಅರ್ಥವಾಗಲಿಲ್ಲ. ‘ಅದೂ ಇರಲಿ ಮಗ, ಇದೂ ಇರಲಿ’ ಎಂದು, ಅವರೆ ಹೂ ಕಚ್ಚಿದೆ, ಕಾಯಿ ಬಲಿತಾಗ ಬಂದು ಒಯ್ಯಿ ಎಂದು ಹೇಳಿ ಫೋನಿಟ್ಟ.

ಮತ್ತೆ ಯಾವಾಗ ಕೂರುವುದು ಎಂದು ಕೇಳಿದ್ದು ಮಗಳು. ಅಪ್ಪ ಕ್ಯಾಲೆಂಡರ್ ಮಗುಚಿ ಡಿಸೆಂಬರ್ ಪುಟದಲ್ಲಿ ಒಂದು ಭಾನುವಾರಕ್ಕೆ ಸುತ್ತು ಹಾಕಿದ. ಮಧ್ಯಾಹ್ನ, ಊಟವಾದ ಮೇಲೆ. ಪೂಜೆಯ ಮಣೆಯಿಂದ ಎತ್ತಿದ ಪುಸ್ತಕಗಳ ಮೇಲಿನ ಕುಂಕುಮವನ್ನು ಅಮ್ಮ ಸೆರಗಿನಿಂದ ಒರೆಸಿ, ಒಂದನ್ನು ಅವಳ ಕೈಗೂ ಇನ್ನೊಂದನ್ನು ಅವನ ಕೈಗೂ ಕೊಟ್ಟಳು.